ಝೂಕುವಿಗೆ ಮಾತು ಬಂದಾಗ

ತಾಯಿ ಕರಡಿಯೊಂದು ಸಾಕಿದ ಹುಡುಗನೊಬ್ಬ ಟೀವಿಯಲ್ಲಿ ಬರುತ್ತಾನೆ, ಹೆಸರು ಝೂಕು. ಯಾವುದೋ ದೇಶದವರು ಮಾಡಿದ ಕಾರ್ಟೂನು. ಅದಕ್ಕೆ ಕನ್ನಡದ ದನಿ ಕೂಡಿಸುವವರು ಇಂದಿರಾನಗರದ ನಮ್ಮ ಸ್ಟುಡಿಯೋದವರು. ಜಡೆಗಟ್ಟಿದ ತಲೆ, ಕೆಸರು ಮೆತ್ತಿದ ಮೊಣಕಾಲು, ಕೈಕಾಲು ನಾಲ್ಕನ್ನೂ ಊರಿ ಓಟ. ಅವನಿಗೆ ಮಾತಿಲ್ಲ. ಸಿಟ್ಟು ಬಂದರೆ ಗುರುಗುಟ್ಟುತ್ತಾನೆ, ಹೆದರಿದರೆ ಊಳಿಡುತ್ತಾನೆ, ಜೇನು ಸಿಕ್ಕರೆ ಮೂಗಿನಲ್ಲೇ ಕುಂಯ್‌ಗುಡುತ್ತಾನೆ. ಸುತ್ತಲಿನ ಪ್ರಾಣಿಗಳೆಲ್ಲ ಮಾತ್ರ ಮಾತಾಡುತ್ತವೆ, ಅದೂ ಎಂಥ ಮಾತು! ‘ಮಗನೇ, ಅತ್ತ ಸುಳಿಯದಿರು, ಅದು ಅಪಾಯಕಾರಿ ಪ್ರದೇಶ’ ಎನ್ನುತ್ತದೆ ತಾಯಿ ಕರಡಿ. ಮುಳ್ಳುಹಂದಿಯಂತೂ ರೇಡಿಯೋ ವಾರ್ತೆ ಓದುವವರ ಮನೆಯಲ್ಲೇ ಹುಟ್ಟಿದ್ದು. ಇಂಥ ಕನ್ನಡ ಕೇಳಿಕೊಂಡು ಬೆಳೆದ ಹುಡುಗ ಬಾಯಿ ಬಿಡದೆ ಕೂತರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಝೂಕು ಅಂದರೆ ನಮ್ಮ ಅಮೃತಮ್ಮ. ಹಲಸೂರು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಮನೆ. ವಯಸ್ಸು ಐವತ್ತು ದಾಟಿದೆ. ಬೆಳಿಗ್ಗೆ ದೋಸೆ ಹಿಟ್ಟು ರುಬ್ಬಿ ಮಾರುತ್ತಾರೆ, ಮಧ್ಯಾಹ್ನದ ಮೇಲೆ ಸ್ಟುಡಿಯೋಗೆ ಬಂದು ಕಾಡುಹುಡುಗನಾಗುತ್ತಾರೆ. ನಾನು ಪ್ರೇಮ್‌ಕುಮಾರ್, ಅಲ್ಲಿ ದನಿ ಮುದ್ರಿಸುವವನು. ಗಾಜಿನ ಈಚೆ ಕೂತು ಆ ಗಂಟಲನ್ನು ನಾನು ಕೇಳಿದಷ್ಟು ಅವರ ಮನೆಯವರೂ ಕೇಳಿರಲಾರರು. ಅದಕ್ಕೇ ಈ ಕತೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೂ, ಸ್ವಲ್ಪ ಅಮೃತಮ್ಮನ ಮೇಲೂ.

ಅವರ ಮನೆಯಲ್ಲಿ ತಮಿಳು, ಗೋಡೆಯಾಚೆ ವಾಜಿದಾ ಮನೆಯವರ ಉರ್ದು, ಶಾಲೆಯಲ್ಲಿ ಕನ್ನಡ. ಮೂರನ್ನೂ ಒಂದೇ ಉಸಿರಿನಲ್ಲಿ ಮಾತಾಡುವುದು ಆ ಓಣಿಯಲ್ಲಿ ಯಾರಿಗೂ ದೊಡ್ಡ ಸಂಗತಿಯಲ್ಲ. ಹರೆಯದಲ್ಲಿ ಅಂಬೇಡ್ಕರ್ ಸಂಘದ ಹುಡುಗರ ಜೊತೆ ಬೀದಿನಾಟಕ ಆಡುತ್ತಿದ್ದರಂತೆ. ಅಲ್ಲಿ ಇವರ ಕೂಗು ಕೇಳಿದ ಸೀರಿಯಲ್ಲಿನವರೊಬ್ಬರು ಹಸುಗೂಸಿನ ಅಳು ಬೇಕೆಂದು ಕರೆದುಕೊಂಡು ಹೋದರು. ಅಳು ಎಷ್ಟು ಚೆನ್ನಾಗಿ ಬಂತೆಂದರೆ ಅಲ್ಲಿಂದಾಚೆ ಅವರನ್ನು ಅಳುವಿಗೇ ಮೀಸಲಿಟ್ಟುಬಿಟ್ಟರು. ತೊಟ್ಟಿಲ ಅಳು, ಹೆರಿಗೆ ನೋವು, ಹೆಣದ ಮುಂದಿನ ರೋದನ, ಮೋಹಿನಿಯ ನಗು, ಜಾತ್ರೆಯ ಗುಂಪಿನ ಗದ್ದಲ. ಈ ಊರಿನ ಸೀರಿಯಲ್ಲುಗಳಲ್ಲಿ ಹುಟ್ಟಿದ ಅದೆಷ್ಟೋ ಕೂಸುಗಳ ಮೊದಲ ಅಳು ಅಮೃತಮ್ಮನದು, ಹೆತ್ತವಳ ಕೂಗೂ ಅವರದೇ.

ಮಾತು ಮಾತ್ರ ಯಾರೂ ಕೊಡಲಿಲ್ಲ. ‘ಹ’ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ‘ಹಾಲು ಹಾಕಲೇನಮ್ಮ’ ಎಂದು ಬರೆದುಕೊಟ್ಟರೆ ‘ಆಲು ಆಕ್ಲೇನಮ್ಮ’ ಎನ್ನುತ್ತಿದ್ದರು. ಜೊತೆಗೆ ವಾಕ್ಯದ ತುದಿಯಲ್ಲಿ ತಮಿಳಿನ ಒಂದು ಎಳೆತ. ನಮ್ಮ ಡಬ್ಬಿಂಗ್ ನಿರ್ದೇಶಕರು ಸಿದ್ಧಲಿಂಗೇಶ, ಧಾರವಾಡದ ಕಡೆಯವರು, ಕನ್ನಡ ಎಂ.ಎ. ‘ಅಮೃತಮ್ಮ, ದನಿ ಬಂಗಾರ, ಭಾಷೆ ತಗಡು. ಮೊದಲು ಕನ್ನಡ ತಿದ್ದಿಕೊಳ್ಳಿ’ ಎನ್ನುವುದು ಅವರ ನಿತ್ಯದ ಮಂತ್ರ. ಕೆಟ್ಟ ಮನುಷ್ಯರಲ್ಲ. ಅವರೂ ಈ ಊರಿಗೆ ಬಂದ ಹೊಸತರಲ್ಲಿ ಬಾಯಿ ತೆರೆದರೆ ಸಾಕು, ಜನ ನಗುತ್ತಿದ್ದರಂತೆ. ಆ ನಗುವಿಗೆ ಹೆದರಿ ಧಾರವಾಡವನ್ನು ಗಂಟು ಕಟ್ಟಿ ಅಟ್ಟಕ್ಕೆಸೆದು, ಪುಸ್ತಕದ ಕನ್ನಡವನ್ನು ಹೊದ್ದುಕೊಂಡವರು. ತಾವು ದಾಟಿದ ಹೊಳೆಯನ್ನು ಎಲ್ಲರೂ ದಾಟಲಿ ಎನ್ನುವ ಹಟ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಆ ಗಂಟು ಬಿಚ್ಚಿಕೊಳ್ಳುತ್ತಿತ್ತು.

ಹೀಗಾಗಿ ಮಾತಿಲ್ಲದ ಝೂಕು ಅಮೃತಮ್ಮನಿಗೆ ಹೇಳಿ ಮಾಡಿಸಿದ ಹಾಗಿದ್ದ. ಅವರು ಸೆರಗು ಸಿಕ್ಕಿಸಿಕೊಂಡು ಮೈಕಿನ ಮುಂದೆ ಬಗ್ಗಿ ನಿಂತರೆ ನನ್ನ ಮೈಮೇಲೆ ಮುಳ್ಳೇಳುತ್ತಿತ್ತು. ಹಸಿವಿನ ಗುರುಗು ಬೇರೆ, ಹೊಟ್ಟೆ ತುಂಬಿದಾಗಿನ ಗುರುಗು ಬೇರೆ. ಮಕ್ಕಳಿಗೆ ಹುಚ್ಚು ಹಿಡಿಯಿತು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಶಾಲೆ ಮಕ್ಕಳು ಒಬ್ಬರನ್ನೊಬ್ಬರು ಝೂಕುವಿನ ಹಾಗೆ ಗದರಿಸುವುದನ್ನು ನಾನೇ ನೋಡಿದ್ದೇನೆ. ಓಣಿಯ ಮಕ್ಕಳು ಹಿಟ್ಟಿಗೆ ಬಂದಾಗ ‘ಆಂಟಿ, ಒಂದ್ಸಲ ಗುರ್ ಅನ್ನಿ’ ಎಂದು ಬೇಡದೆ ಹೋಗುತ್ತಿರಲಿಲ್ಲ.

ವಾಜಿದಾ ಒಪ್ಪಬೇಕಲ್ಲ! ‘ಗುರ್ರ್ ಅನ್ನಕ್ಕೆ ಆರ್ಟಿಸ್ಟ್ ಯಾಕ್ ಬೇಕು ಅಮೃತಾ? ನಮ್ ಮನೇವ್ರು ದಿನಾ ಮಾಡ್ತಾರೆ. ಅವ್ರನ್ನ ಯಾರೂ ಟೀವಿಗೆ ಕರ್ದಿಲ್ಲ’ ಎಂದು ಬಾಗಿಲಲ್ಲೇ ಕಾಲೆಳೆಯುತ್ತಿದ್ದಳು. ಅಮೃತಮ್ಮ ನಗುತ್ತಿದ್ದರು. ಆದರೆ ಒಂದು ಸಂಜೆ ನನ್ನ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಹಿಂದಿನಿಂದ ಹೇಳಿದರು: ‘ಅವ್ಳು ತಮಾಸೆಗೆ ಅಂತಾಳೆ ಪ್ರೇಮು, ಆದ್ರೂ ನಿಜಾನೇ ಅಲ್ವಾ? ಇಸ್ಟ್ ವರ್ಸ ಅತ್ತಿದೀನಿ, ಕಿರ್ಚಿದೀನಿ. ಒಂದ್ ಮಾತು ನನ್ ಬಾಯಿಂದ ಓಗಿಲ್ಲ. ಒಂದೇ ಒಂದ್ ಮಾತು ಟೀವಿಲಿ ಬಂದ್ಬುಟ್ರೆ ಸಾಕು ಕಣಪ್ಪ. ಇವ್ಳಿಗೂ ಮಾತ್ ಬರುತ್ತೆ ಅಂತ ಗೊತ್ತಾಗ್ಲಿ.’ ಸಿಗ್ನಲ್ ಬಿಟ್ಟಿತು. ಸ್ಕೂಟರನ್ನು ಮುಂದಕ್ಕೆ ಬಿಟ್ಟೆ.

ಯುಗಾದಿ ಕಳೆದ ಮೇಲೆ ಸುದ್ದಿ ಬಂತು. ಮುಂದಿನ ಕಂತುಗಳಲ್ಲಿ ಝೂಕು ಕಾಡಿನಂಚಿನ ಹಳ್ಳಿಗೆ ಹೋಗುತ್ತಾನೆ, ಮನುಷ್ಯರನ್ನು ನೋಡುತ್ತಾನೆ, ಮಾತು ಕಲಿಯುತ್ತಾನೆ. ಸಿದ್ಧಲಿಂಗೇಶ ಅಮೃತಮ್ಮನನ್ನು ಕರೆದು, ‘ಮಾತಿಗೆ ಹೊಸ ಧ್ವನಿ ಪರೀಕ್ಷೆ ಮಾಡುತ್ತೇವೆ. ನಿಮ್ಮನ್ನೂ ನೋಡೋಣ. ಆದರೆ ಕನ್ನಡ ಶುದ್ಧವಾಗಿದ್ದರೆ ಮಾತ್ರ’ ಎಂದರು.

ಅಷ್ಟು ಸಾಕಾಯಿತು. ಅಂದಿನಿಂದ ಗ್ರೈಂಡರ್ ತಿರುಗುವ ಹೊತ್ತಿಗೆಲ್ಲ ಅಮೃತಮ್ಮ ಪೇಪರನ್ನು ಗಟ್ಟಿಯಾಗಿ ಓದತೊಡಗಿದರು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ‘ಹ’ ಎನ್ನುವಾಗ ಉಸಿರು ತಾಗುತ್ತದೆಯೇ ಎಂದು ನೋಡಿಕೊಳ್ಳುವುದು. ತಾಗದಿದ್ದರೆ ಮತ್ತೆ ಹೇಳುವುದು. ಹಲಸೂರು, ಹುಣಸೆ, ಹರಿವಾಣ, ಹೂವು. ಬರುಬರುತ್ತಾ ಗಿರಾಕಿಗಳ ಜೊತೆಗೂ ಅದೇ ಶುರುವಾಯಿತು. ‘ಹಿಟ್ಟು ಎಷ್ಟು ಬೇಕಾಗಿದೆ?’ ಎಂದರೆ, ಅಮೃತಮ್ಮನಿಗೆ ತಮ್ಮ ಮೇಲೇ ಏನೋ ಕೋಪ ಬಂದಿದೆ ಎಂದು ಜನ ತಿಳಿದರು. ವಾಜಿದಾ ನನ್ನನ್ನು ಓಣಿಯ ತಿರುವಿನಲ್ಲೇ ಅಡ್ಡಗಟ್ಟಿದಳು. ‘ಏನಾಯ್ತು ಭಾಯ್ ಇವ್ಳಿಗೆ? ಸಕ್ರೆ ಕೇಳಿದ್ರೆ ನ್ಯೂಸ್ ಓದ್ದಂಗೆ ಮಾತಾಡ್ತಾಳೆ. ನಾನೇನ್ ತಪ್ ಮಾಡ್ದೆ?’ ಅವಳ ಕಣ್ಣು ತುಂಬಿತ್ತು. ಪರೀಕ್ಷೆ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಚಾನೆಲ್ಲಿನವರ ಸಂದೇಶ ಬಂತು. ಸಿದ್ಧಲಿಂಗೇಶ ಅದನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ಝೂಕು ಕಾಡಿನಲ್ಲಿ ಬೆಳೆದ ಹುಡುಗ, ಅವನ ಮಾತು ಅಚ್ಚುಕಟ್ಟಾಗಿರಬಾರದು. ಒರಟಾಗಿರಲಿ, ಹರಕುಮುರುಕಾಗಿರಲಿ, ತಪ್ಪುಗಳಿರಲಿ. ಇಷ್ಟು ವರ್ಷ ಮುಳ್ಳುಹಂದಿಯ ಬಾಯಲ್ಲಿ ವ್ಯಾಕರಣ ಹಾಕಿಸಿದವರಿಗೆ ಈಗ ಬುದ್ಧಿ ಬಂದಿತ್ತು. ನನಗೆ ಖುಷಿಯೇ ಆಯಿತು. ಅಮೃತಮ್ಮನಿಗೆ ಇನ್ನೇನು ಬೇಕು, ದೇವರೇ ವರ ಕೊಟ್ಟ ಹಾಗಾಯಿತಲ್ಲ ಎಂದುಕೊಂಡೆ.

ಅಮೃತಮ್ಮ ಗಂಜಿ ಹಾಕಿದ ಹತ್ತಿ ಸೀರೆಯುಟ್ಟು ಬಂದರು, ನೇರವಾಗಿ ಮೈಕಿನ ಮುಂದೆ ನಿಂತರು. ಝೂಕು ಹಳ್ಳಿಯಿಂದ ಓಡಿ ಬಂದು ತಾಯಿ ಕರಡಿಗೆ ಮೊದಲ ಸಲ ಮಾತಾಡುವ ಜಾಗ. ಕೆಂಪು ದೀಪ ಹತ್ತಿತು.

‘ಅಮ್ಮಾ, ನನಗೆ ಹಸಿವಾಗುತ್ತಿದೆ.’

ಒಂದು ಅಕ್ಷರ ಆಚೀಚೆಯಿಲ್ಲ. ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುತ್ತಾರಲ್ಲ, ಹಾಗೆ. ಸಿದ್ಧಲಿಂಗೇಶ ನನ್ನ ಮುಖ ನೋಡಿದರು.

‘ಅಮೃತಮ್ಮ, ಚೆನ್ನಾಗಿದೆ. ಆದರೆ ಸ್ವಲ್ಪ ಒರಟಾಗಿರಲಿ. ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆ. ಚಾನೆಲ್ಲಿನವರಿಗೆ ಅದೇ ಬೇಕಂತೆ.’

ಅಮೃತಮ್ಮನ ಮುಖ ಬಿಗಿಯಿತು. ಇದೂ ಪರೀಕ್ಷೆಯ ಒಂದು ಪಟ್ಟು, ತನ್ನನ್ನು ಜಾರಿಸಿ ಬೀಳಿಸಲು ಕೇಳುತ್ತಿದ್ದಾರೆ ಎಂದುಕೊಂಡರೋ ಏನೋ. ‘ಇಲ್ಲ ಸರ್, ಈಗ ನಾನು ಮನೆಯಲ್ಲಿಯೂ ಸರಿಯಾಗಿಯೇ ಮಾತನಾಡುತ್ತೇನೆ’ ಎಂದರು.

‘ಇಲ್ರಿ, ತಪ್ಪು ಬರಲಿ. ಪರವಾಗಿಲ್ಲ.’

‘ತಪ್ಪು ಮಾಡುವುದಿಲ್ಲ ಸರ್.’

ಮತ್ತೊಮ್ಮೆ, ಮಗದೊಮ್ಮೆ. ಹೇಳಿಸಿದಷ್ಟೂ ಮಾತು ನೆಟ್ಟಗಾಗುತ್ತಾ ಹೋಯಿತು. ಕೊನೆಗೆ ಸಿದ್ಧಲಿಂಗೇಶರ ಅಟ್ಟದ ಗಂಟು ಬಿಚ್ಚಿತು. ‘ಯವ್ವಾ, ಸರಿ ಬ್ಯಾಡ್ರೀ! ತಪ್ಪ್ ಮಾತಾಡ್ರೀ ಅಂದ್ರ ತಿಳಿಯಂಗಿಲ್ಲೇನ್ರೀ ನಿಮಗ?’ ಎಂದು ಮೇಜು ಗುದ್ದಿದರು. ಸಿಟ್ಟಾದದ್ದು ನೋಡಿ ಅಮೃತಮ್ಮ ಇನ್ನೂ ಹೆದರಿದರು. ಇನ್ನೂ ಶುದ್ಧವಾದರು. ನನಗೆ ಗಾಜು ಒಡೆದು ಒಳಗೆ ಹೋಗಿ ಅವರ ಭುಜ ಹಿಡಿದು ಅಲುಗಾಡಿಸಬೇಕು ಎನಿಸಿತು.

ಅವರ ನಂತರ ಬಂದವಳು ಶಿವಾನಿ, ಇಂದಿರಾನಗರದ ದೊಡ್ಡ ಶಾಲೆಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಹಾವೇರಿಯವರು, ಇಬ್ಬರೂ ಕಂಪನಿ ಕೆಲಸದಲ್ಲಿರುವವರು, ಮಗಳ ಜೊತೆ ಬರೀ ಇಂಗ್ಲಿಷು. ಹುಡುಗಿ ಹಾಳೆ ನೋಡದೆ, ‘ಅಮ್ಮಾ... ನನಗೆ... ಹಸಿವು ಬರ್ತಾ ಆಗಿದೆ’ ಎಂದಳು. ತಡವರಿಕೆ, ತಪ್ಪು, ಅಕ್ಷರ ನುಂಗುವುದು, ಕೇಳಿದ್ದೆಲ್ಲ ಒಂದೇ ಏಟಿಗೆ ಸಿಕ್ಕಿತು. ಕಾಡುಪ್ರಾಣಿಗಳು ಸಾಕಿದ ಮಗುವಿನ ಕನ್ನಡ ಕಡೆಗೂ ಅಪಾರ್ಟ್‌ಮೆಂಟಿನಲ್ಲಿ ದೊರೆಯಿತು. ಚಾನೆಲ್ಲಿನವರು ಅಂದೇ ಒಪ್ಪಿಬಿಟ್ಟರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವುದುಂಟು. ಇಲ್ಲಿ ಇದ್ದ ಹಲ್ಲನ್ನು ನಾವೇ ಕೀಳಿಸಿ, ಆಮೇಲೆ ಕಡಲೆ ಬಡಿಸಿದ್ದೆವು. ಹುಡುಗಿಯದೇನೂ ತಪ್ಪಿಲ್ಲ, ಒಳ್ಳೆಯ ಮಗು.

ಈ ಸುದ್ದಿಯನ್ನು ಅಮೃತಮ್ಮನಿಗೆ ಯಾರು ಹೇಳಬೇಕು? ನಾನು ಹೇಳಲಿ ಎಂದು ಸಿದ್ಧಲಿಂಗೇಶ ಕಾದರು, ಅವರು ಹೇಳಲಿ ಎಂದು ನಾನು ಕಾದೆ. ಕೊನೆಗೆ ‘ರೆಕಾರ್ಡಿಂಗ್ ಇದೆ, ಬನ್ನಿ’ ಎಂದಷ್ಟೇ ಫೋನು ಹೋಯಿತು. ಅವರು ಅದೇ ಗಂಜಿ ಸೀರೆಯಲ್ಲಿ ಬಂದರು. ಬಂದವರೇ, ‘ಯಾವ ವಾಕ್ಯದಿಂದ ಆರಂಭಿಸೋಣ?’ ಎಂದು ಕೇಳಿದರು.

ಮಾತು ಶಿವಾನಿಯದಾದರೂ ಗುರುಗು ಇನ್ನೂ ಅಮೃತಮ್ಮನದೇ, ಮಾತಿಗೆ ಮುಂಚೆ ಝೂಕು ಒಮ್ಮೆ ಗುರುಗುಟ್ಟುತ್ತಾನೆ. ಗುರುಗು ಎಲ್ಲಿ ನಿಲ್ಲಬೇಕೆಂದು ತಿಳಿಯಲು ಅದರ ಬೆನ್ನಿಗೆ ಬರುವ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿಸಲೇಬೇಕು. ನಾನು ಶಿವಾನಿಯ ದನಿ ಹಾಕಿದೆ. ಅಮೃತಮ್ಮ ಕೇಳಿದರು. ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದರು, ಹಾಕಿದೆ. ಹೆಡ್‌ಫೋನ್ ತೆಗೆದು ಕೊಕ್ಕೆಗೆ ನೇತುಹಾಕಿ, ದಪ್ಪ ಬಾಗಿಲು ತಳ್ಳಿಕೊಂಡು ಹೊರಗೆ ಬಂದರು.

‘ಇದಾ? ಇದಾ ಬೇಕಾಗಿದ್ದು ನಿಮ್ಗೆ?’

ಇಬ್ಬರೂ ತಲೆ ತಗ್ಗಿಸಿದೆವು.

‘ಏನ್ ಸಾರ್, ಆಟ ಆಡ್ತಿದೀರಾ ನನ್ ಅತ್ರ? ಇಸ್ಟ್ ವರ್ಸ ನಿನ್ ಕನ್ನಡ ಸರಿ ಇಲ್ಲ, ಬಾಯ್ ಮುಚ್ಕೊಂಡು ಅಳು ಅಂದ್ರಿ, ಅತ್ತೆ. ತಿದ್ಕೊ ಅಂದ್ರಿ, ತಿದ್ಕೊಂಡೆ. ಪಕ್ಕದ್ ಮನೆ ವಾಜಿದಾ ನನ್ ಅತ್ರ ಮಾತ್ ಬಿಟ್ಬುಟ್ಳು ಸಾರ್! ಈಗ ತಪ್ ಕನ್ನಡ ಬೇಕಂತೆ. ಅದಕ್ಕೂ ದೊಡ್ಡೋರ್ ಮನೆ ಮಗೂನೇ ಆಗ್ಬೇಕಂತೆ. ಅಂಗಾದ್ರೆ ನಮ್ ತಪ್ಪು ತಪ್ಪೂ ಅಲ್ವಾ? ಅಸಿವು ಬರ್ತಾ ಆಗಿದೆಯಂತೆ! ಅಸ್ಕೊಂಡ್ ಬಂದ್ ಮಗ ಅಂಗ್ ಮಾತಾಡ್ತದಾ? ಅಮ್ಮೋ, ಅಸೀತೈತಮ್ಮೋ, ಒಟ್ಟೆ ಉರೀತೈತೆ ಅಂತ ಬಂದ್ ಮಡ್ಲಿಗ್ ಬೀಳ್ತದೆ ಸಾರ್!’

ಆ ಕೊನೆಯ ಮಾತಿನಲ್ಲಿ ಗುರುಗೂ ಇತ್ತು, ಅಳುವೂ ಇತ್ತು, ಒಂದು ಕೂಸೂ ಇತ್ತು. ಝೂಕು ಎದುರಿಗೆ ಬಂದು ನಿಂತಿದ್ದ. ಸಿದ್ಧಲಿಂಗೇಶರ ಕಣ್ಣು ಅಗಲವಾಯಿತು. ಅವರು ಕೈ ಮುಗಿದೇಬಿಟ್ಟರು. ‘ಅಮೃತಮ್ಮಾರ, ಇದss ನೋಡ್ರಿ! ಇದನ್ನss ಒಂದ್ ಸಲ ಒಳಗ ಹೇಳ್ರಿ. ಚಾನೆಲ್ಲಿನವರ ಕಾಲಿಗೆ ಬಿದ್ದರ ಯಾಕಾಗವಲ್ದು, ನಾ ಒಪ್ಪಿಸ್ತೀನಿ. ಪ್ರೇಮ್, ಮೈಕ್ ಹಾಕೋ!’

ನಾನು ಓಡಿ ಹೋಗಿ ಕೂತೆ. ಅಮೃತಮ್ಮ ಮುಖ ಒರೆಸಿಕೊಂಡು, ದೀರ್ಘ ಉಸಿರೆಳೆದು ಒಳಗೆ ಹೋದರು. ಪರದೆಯ ಮೇಲೆ ಝೂಕು ಗುಡ್ಡ ಇಳಿದು ಓಡಿ ಬರುತ್ತಿದ್ದ. ಕೆಂಪು ದೀಪ ಹತ್ತಿತು. ಝೂಕು ಬಾಯಿ ತೆರೆದ, ಅಮೃತಮ್ಮನೂ ತೆರೆದರು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಚಿತ್ರವನ್ನು ಹಿಂದಕ್ಕೆ ಸರಿಸಿ ಮತ್ತೆ ಬಿಟ್ಟೆ. ಸಿದ್ಧಲಿಂಗೇಶ ಗಾಜಿಗೆ ಹಣೆ ಹಚ್ಚಿ ನಿಂತಿದ್ದರು. ‘ಬೈರಿ ಯವ್ವಾ, ನನ್ನss ಬೈರಿ, ಈಗ ಬೈದ್ರೆಲ್ಲ ಹಂಗ’ ಎಂದು ಗೋಗರೆದರು.

ಅಮೃತಮ್ಮ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಸಿರು ನೋಡಿಕೊಂಡರು. ಆಮೇಲೆ ಮೈಕಿಗೆ ಬಾಯಿ ತಂದು, ಒಂದೊಂದು ಅಕ್ಷರವನ್ನೂ ಅದರ ಜಾಗದಲ್ಲಿಟ್ಟು ಹೇಳಿದರು:

‘ಕ್ಷಮಿಸಿ ಸರ್. ಹೇಳಲು ಆಗುತ್ತಿಲ್ಲ.’