ಹುಷಾರಿಲ್ಲ ಎಂದರೆ

ಗೊತ್ತಿರುವ ನೂರು ಜನರ ಹೆಸರು ಬರೆದುಕೊಡು ಎಂದರು ಹೆಬ್ಬಾಳದ ವಿಮಾ ಕಚೇರಿಯ ಮ್ಯಾನೇಜರು. ಏಜೆಂಟನಾಗಿ ಸೇರಿದ ಮೊದಲ ದಿನ ಎಲ್ಲರಿಗೂ ಇದೇ ಪಾಠವಂತೆ: ಪಾಲಿಸಿಯನ್ನು ಮೊದಲು ಬಲ್ಲವರಿಗೆ ಮಾರು. ನಮ್ಮ ರೋಣದಲ್ಲಾದರೆ ಒಂದೇ ಓಣಿಯಲ್ಲಿ ನೂರು ಹೆಸರು ಸಿಗುತ್ತಿದ್ದವು, ಅಡ್ಡಹೆಸರುಗಳ ಸಮೇತ. ಊರು ಬಿಟ್ಟು ಹನ್ನೊಂದು ದಿನವಾಗಿದ್ದ ನಾನು ಬರೆದದ್ದು ಎರಡೇ. ಒಂದು ರೊಟ್ಟಿ ಖಾನಾವಳಿಯವರದು, ಇನ್ನೊಂದು ಕೊಡಿಗೇಹಳ್ಳಿಯ ನನ್ನ ಮನೆ ಮಾಲೀಕ ಮುನಿರಾಜಪ್ಪನವರದು.

ಬೆಂಗಳೂರಿನಲ್ಲಿಯೂ ಕನ್ನಡವೇ, ಹೊಸ ಭಾಷೆ ಕಲಿಯುವ ಗೋಜಿಲ್ಲ ಎಂದು ಬಡಾಯಿ ಕೊಚ್ಚಿ ಬಂದಿದ್ದೆ. ಅದೇ ನನ್ನನ್ನು ಮುಳುಗಿಸಿತು.

ಮುನಿರಾಜಪ್ಪ ಪಾಲಿಸಿ ಮಾಡಿಸಿದ್ದು ನನ್ನ ಮುಖ ನೋಡಿ. ಅವರ ಹೆಂಡತಿ ರತ್ನಮ್ಮ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದರು. ಫಾರ್ಮು ಇಂಗ್ಲಿಷಿನಲ್ಲಿತ್ತು, ನಾನೇ ತುಂಬುತ್ತಿದ್ದೆ.

"ಇಷ್ಟ ದಿನಾ ಯಾಕ ಮಾಡಿಸಿಲ್ರೀ?"

"ಓದ್ ವರ್ಷಾನೇ ಮಾಡಿಸ್ಬೇಕು ಅಂತಿದ್ದೆ. ಆಗ ಉಷಾರಿರ್ಲಿಲ್ಲ ಕಣಪ್ಪ."

ನಮ್ಮ ಕಡೆ ಹುಷಾರ್ ಎಂದರೆ ಜಾಣ. ಮೈ ಸರಿಯಿಲ್ಲದಿದ್ದರೆ ಆರಾಮಿಲ್ಲ ಎನ್ನುತ್ತೇವೆ. ಅವರು ತಮ್ಮ ದಡ್ಡತನಕ್ಕೆ ಹಳಹಳಿಸುತ್ತಿದ್ದಾರೆಂದುಕೊಂಡು, "ಈಗ ಹುಷಾರ್ ಆಗೀರಲ್ರೀ!" ಎಂದು ನಕ್ಕೆ.

"ಊಂ, ಈಗ ಉಷಾರಾಗಿವ್ನಿ," ಎಂದು ಅವರೂ ನಕ್ಕರು.

ಕಟ್ಟುಮಸ್ತಾದ ಆಳು, ಇವರಿಗೇನು ಕಾಯಿಲೆ ಎಂದು ಉಳಿದದ್ದನ್ನು ಕೇಳಲೇ ಇಲ್ಲ. ಕಾಯಿಲೆಯ ಸಾಲಿನುದ್ದಕ್ಕೂ 'ಇಲ್ಲ' ಎಂದು ಗುರುತು ಹಾಕಿದೆ. ಅವರು ನನ್ನನ್ನು ನಂಬಿ ಸಹಿ ಹಾಕಿದರು.

ಮರುವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಕಂಪನಿಯವರು ಆಸ್ಪತ್ರೆಯ ಹಳೆಯ ದಾಖಲೆ ತೆಗೆಸಿದರು. ಪಾಲಿಸಿಗೆ ಮುಂಚೆಯೇ ಎದೆನೋವಿಗೆ ಚಿಕಿತ್ಸೆಯಾಗಿತ್ತು. ಕಾಯಿಲೆ ಮುಚ್ಚಿಟ್ಟಿದ್ದಾರೆ, ವಿಮೆಯ ಹಣ ಕೊಡಲಾಗದು ಎಂದು ಪತ್ರ ಬಂತು. ಅದನ್ನು ರತ್ನಮ್ಮನವರಿಗೆ ಓದಿ ಹೇಳಿದವನೂ ನಾನೇ.

"ಮುಚ್ಚಿಡೋದೇನು? ಉಷಾರಿರ್ಲಿಲ್ಲ ಅಂತ ನಿಂಗೇ ಏಳಿದ್ರಲ್ಲಪ್ಪ!"

ಆಗಷ್ಟೇ ನನಗೆ ಅರ್ಥವಾದದ್ದು. ಆದರೂ ಹೇಡಿಯಂತೆ ಬಾಯಿ ಬಿಡದೆ ಎದ್ದು ಬಂದೆ. ಮುನಿರಾಜಪ್ಪ ಕಂಪನಿಗೆ ಟೋಪಿ ಹಾಕಲು ಹೋಗಿದ್ದನಂತೆ ಎಂಬ ಮಾತು ವಾರದೊಳಗೆ ಬೀದಿಯಲ್ಲೆಲ್ಲ ಹಬ್ಬಿತು.

ನಡೆದದ್ದನ್ನು ಹೇಳಿದಾಗ ಮ್ಯಾನೇಜರು, "ಸುಮ್ನಿರು ಗುರು. ಬರ್ಕೊಟ್ರೆ ನಿನ್ ಕೆಲ್ಸ ಹೋಗತ್ತೆ, ಅಷ್ಟೇ," ಎಂದರು. ಬರೆದುಕೊಟ್ಟೆ. ಮುನಿರಾಜಪ್ಪ ಕಾಯಿಲೆಯ ವಿಷಯ ಹೇಳಿದ್ದರು, ನನಗೆ ತಿಳಿಯಲಿಲ್ಲ ಎಂದು. ಕೆಲಸ ಹೋಯಿತು. ಸಹಿ ಅವರದೇ ಆದ್ದರಿಂದ ನಿರ್ಧಾರ ಬದಲಾಗದು ಎಂದು ಕಂಪನಿ ಉತ್ತರಿಸಿತು.

ನಾನು ಬರೆದದ್ದರ ಪ್ರತಿಯನ್ನು ರತ್ನಮ್ಮನವರಿಗೆ ಓದಿ ಹೇಳಿದೆ.

"ಅಂಗಾರೆ ನಮ್ಮನೆಯೋರು ಸುಳ್ಳೇಳಿರ್ಲಿಲ್ಲ?"

"ಇಲ್ರೀ. ತಪ್ಪು ನಂದ."

"ಕೊಡಿಲ್ಲಿ, ಬೀದಿಯೋರ್ಗೆಲ್ಲ ತೋರಿಸ್ತೀನಿ," ಎಂದು ಹಾಳೆ ಇಸಿದುಕೊಂಡರು. ಬಾಗಿಲ ತನಕ ಹೋದವರು ತಿರುಗಿ ನಿಂತರು. "ಈ ತಿಂಗ್ಳು ರೂಮ್ ಖಾಲಿ ಮಾಡ್ಬುಡಪ್ಪ. ನಿನ್ ಮುಖ ನೋಡೋಕಾಗಲ್ಲ."

ಊರಿಗೆ ಹೋದರೆ ತಂಗಿ ನನ್ನ ಮಾತು ಕೇಳಿ, "ಬೆಂಗಳೂರಾಂವ ಬಂದ ನೋಡ್ರಿ," ಎಂದು ನಗುತ್ತಾಳೆ. ಮತ್ತಿಕೆರೆಯಲ್ಲಿ ಬೇರೆ ರೂಮು ಹುಡುಕಿ ಹೋದ ದಿನ ಮಾಲೀಕರು, "ಯಾವೂರು ನಿಮ್ದು?" ಎಂದು ಕೇಳಿದರು. ಕೊಡಿಗೇಹಳ್ಳಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು, ರೋಣ ಎಂದೆ.