ಚಿಕ್ಕತಾಯಮ್ಮ ತಂದ ತಟ್ಟೆ

'ಆ ದಿನಗಳಲ್ಲಿ' ಎಂದು ಶುರುಮಾಡಿದ ಕೂಡಲೇ ಓದುವವರು ನಿಟ್ಟುಸಿರಿಗೆ ತಯಾರಾಗಿಬಿಡುತ್ತಾರೆ. ಸ್ವಲ್ಪ ತಡೆಯಿರಿ. ಆ ದಿನಗಳಲ್ಲಿ ನಮ್ಮ ಮನೆಯ ಕೋಳಿಸಾರು ಈಗಿನದಕ್ಕಿಂತ ರುಚಿಯಾಗಿತ್ತು, ಒಪ್ಪುತ್ತೇನೆ. ಆದರೆ ಅದನ್ನು ಯಾರು ಎಲ್ಲಿ ಕೂತು ಉಣ್ಣುತ್ತಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕಲ್ಲ?

ನಮ್ಮದು ಕುಶಾಲನಗರದಾಚೆ ಹಾರಂಗಿ ನಾಲೆಯ ಬದಿಯ ಊರು. ತಾತನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಗದ್ದೆ ಮಾಡಿದವರು ನಾವು. ನಾಲೆಗೆ ನೀರು ಬಿಟ್ಟರೆಂದರೆ ಊರಿಗೆ ಊರೇ ಕೆಸರಿನ ವಾಸನೆ. ಶಾಲೆ ಬಿಟ್ಟೊಡನೆ ಚೀಲ ಜಗುಲಿಗೆ ಎಸೆದು ಗದ್ದೆಗೆ ಓಡುತ್ತಿದ್ದೆ. ಬದುವಿನ ಬಿಲಕ್ಕೆ ಕೈಹಾಕಿ ಏಡಿ ಹಿಡಿಯುವುದು ಆಟ. ಅದು ಕಚ್ಚಿದರೂ ಅಳದಿರುವುದು ಗೆಲುವು. ನಾಟಿಗೆ ಬರುತ್ತಿದ್ದದ್ದು ನಾಲೆಯಾಚೆಯ ಕಾಲೋನಿಯ ಹೆಂಗಸರ ಗುಂಪು. ಅದರ ಮುಂದಾಳು ಚಿಕ್ಕತಾಯಮ್ಮ. ಅವಳ ಕೈಯಲ್ಲಿ ಪೈರಿನ ಕಟ್ಟು ಬಿಚ್ಚಿಕೊಳ್ಳುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ನಾಟಿ ಮುಗಿದ ದಿನ ಅವರಿಗೆಲ್ಲ ನಮ್ಮಲ್ಲಿ ಊಟ. ಶ್ರಾವಣ ಕಾಲಿಡುವ ಮೊದಲು ಕೋಳಿ ಕುಯ್ಯಬೇಕೆಂದು ಅಜ್ಜಿ ನಾಟಿಯನ್ನೇ ಅವಸರ ಮಾಡಿಸುತ್ತಿದ್ದಳು. ಹುರಿದ ಕೊತ್ತಂಬರಿ, ಕಾಯಿ, ಮೆಣಸು, ಇಳಿಸುವ ಮುಂಚೆ ಈ ಸೀಮೆಗೆ ಬಂದ ಮೇಲೆ ಕಲಿತ ಕಾಚಂಪುಳಿಯ ಹುಳಿ. ಪಕ್ಕದ ಒಲೆಯಲ್ಲಿ ಕಡುಬಿನ ಹಬೆ. ಹೆಂಗಸರು ತಮ್ಮ ತಮ್ಮ ಸ್ಟೀಲ್ ತಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಕೂರುತ್ತಿದ್ದರು. ಅಜ್ಜಿ ಜಗುಲಿಯ ಮೆಟ್ಟಿಲ ಮೇಲೆ ನಿಂತು, ಸೌಟು ತಟ್ಟೆಗೆ ತಾಗದಂತೆ ಎತ್ತರದಿಂದ ಬಡಿಸುತ್ತಿದ್ದಳು. ಧಾರಾಳವಾಗಿ ಬಡಿಸುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಉಂಡವರು ನಲ್ಲಿಯಲ್ಲಿ ತಟ್ಟೆ ತೊಳೆದು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಆಷಾಢದಲ್ಲಿ ಮಳೆ ಬರುವಷ್ಟೇ ಸಹಜ ಅನ್ನಿಸುತ್ತಿತ್ತು ನನಗೆ ಇದೆಲ್ಲ.

ನಾನು ಏಳನೇ ತರಗತಿಯಲ್ಲಿದ್ದ ವರ್ಷ ಮೈಸೂರು ರಸ್ತೆಯಲ್ಲಿ ಒಂದು ಬಿರಿಯಾನಿ ಹೋಟೆಲ್ ತೆರೆಯಿತು. ಊರೂರಲ್ಲೂ ಅದರದೊಂದು ಶಾಖೆ. ಎಲ್ಲಿ ಹೋದರೂ ಅದೇ ಬೋರ್ಡು, ಅದೇ ಬಣ್ಣದ ಟೋಪಿ ಹಾಕಿದ ಹುಡುಗರು, ಅದೇ ರುಚಿ. ಕೊನೆಯ ಗದ್ದೆಗೆ ಇಳಿದ ದಿನ ಚಿಕ್ಕತಾಯಮ್ಮ ಬದುವಿನ ಮೇಲೆ ನಿಂತಿದ್ದ ಅಪ್ಪನಿಗೆ ಹೇಳಿದಳು: "ಅಣ್ಣಯ್ಯ, ಈ ಸಲ ಮನೆ ಊಟ ಬ್ಯಾಡ. ಆ ಲೈಟಿನ ಹೋಟ್ಲಿಗೆ ಕರ್ಕೊಂಡೋಗಿ. ಬಸ್ಸಲ್ಲಿ ಹೋಗೋವಾಗ ನೋಡಿ ನೋಡಿ ಕತ್ತು ನೋಯ್ತದೆ."

ಅಪ್ಪ ಹೂಂ ಅಂದ. ಸುದ್ದಿ ಕೇಳಿದ ಅಜ್ಜಿ ರುಬ್ಬುವುದನ್ನು ನಿಲ್ಲಿಸಿದಳು.

"ನನ್ನ ಕೈ ಅಡಿಗೆ ಸಾಕಾಯ್ತಂತಾ? ಹೋಗ್ಲಿ. ನಾನಂತೂ ಬರಕಿಲ್ಲ."

"ಅಜ್ಜಿ, ಪ್ರತಿ ವರ್ಷ ನೀನು ಮಾಡಿದ್ದನ್ನ ಅವರು ಉಣ್ತಾರೆ. ಒಂದು ಸಲ ಅವರು ಕೇಳಿದ್ದು ಆಗ್ಲಿ ಬಿಡು," ಎಂದೆ. ಶಾಲೆಯ ಚರ್ಚಾಕೂಟ ನನ್ನ ನಾಲಗೆಯನ್ನು ಆಗಲೇ ಉದ್ದಮಾಡಿತ್ತು.

"ಬಂದ್ಲು ಲಾಯರಮ್ಮ. ಫೀಸು ಎಷ್ಟು ಕೊಟ್ರು ನಿಂಗೆ?"

ಸಂಜೆ ಚಿಕ್ಕತಾಯಮ್ಮನೇ ಅಂಗಳಕ್ಕೆ ಬಂದು, "ಅವ್ವ ಬರ್ದಿದ್ರೆ ನಾವೂ ಹೋಗಕಿಲ್ಲ," ಎಂದು ಕಂಬಕ್ಕೆ ಒರಗಿ ನಿಂತಳು. ಅಪ್ಪನ ಮುಖ ಕಪ್ಪಿಟ್ಟಿತು. ಶುಂಠಿ ಬೆಳೆ ಹಾಕಿದವರು ಆ ಗುಂಪನ್ನು ಆಗಲೇ ಕೂಲಿಗೆ ಕರೆಯುತ್ತಿದ್ದರು; ಇವರು ಮುನಿಸಿಕೊಂಡು ಹೋದರೆ ಮುಂದಿನ ಮಳೆಗೆ ನಮ್ಮ ಗದ್ದೆ ಬೀಳು. ಅಜ್ಜಿ ಒಳಗೆ ಹೋದಳು. ಹೋದವಳು ಪೆಟ್ಟಿಗೆಯಿಂದ ರೇಷ್ಮೆ ಅಂಚಿನ ಸೀರೆ ತೆಗೆದು ಜಗುಲಿಯ ಗಾಳಿಗೆ ಹರಡಿದಳು.

ಮಾರನೇ ದಿನ ಪಿಕಪ್‌ನ ಹಿಂದೆ ಹೆಂಗಸರು, ಮುಂದೆ ಅಜ್ಜಿ ಮತ್ತು ನಾನು. ಹೋಟೆಲಿನ ಬಾಗಿಲು ತೆರೆದರೆ ಮುಖಕ್ಕೆ ತಣ್ಣನೆ ಗಾಳಿ, ಕರಿದ ಎಣ್ಣೆಯ ಘಮ. ನಮಗೆಂದು ಮೇಜುಗಳನ್ನು ಸೇರಿಸಿ ಒಂದೇ ಉದ್ದ ಮೇಜು ಮಾಡಿಕೊಟ್ಟರು. ಯಾರು ಎಲ್ಲಿ ಎಂದು ಯೋಚಿಸುವುದರೊಳಗೆ ಅಜ್ಜಿಯ ಎದುರಿಗೆ ಚಿಕ್ಕತಾಯಮ್ಮ ಕೂತಾಗಿತ್ತು.

ಕೂತವಳು ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿ ಸ್ಟೀಲ್ ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದವಳೂ ಇಟ್ಟಳು. ನೋಡನೋಡುತ್ತ ಮೇಜಿನುದ್ದಕ್ಕೂ ತಟ್ಟೆಗಳು. ಆಚೆ ಮೇಜಿನ ಪ್ರವಾಸಿಗರು ತಿನ್ನುವುದನ್ನು ಬಿಟ್ಟು ನೋಡಿದರು.

"ಅಮ್ಮ, ಪ್ಲೇಟು ನಾವೇ ಕೊಡ್ತೀವಿ. ಅದು ಒಳಗಿಡಿ," ಎಂದ ಟೋಪಿಯ ಹುಡುಗ.

"ಊಟಕ್ಕೆ ಕರುದ್ರೆ ತಟ್ಟೆ ತರೋದು ನಮ್ ರೂಢಿ ಕಣಪ್ಪ," ಎಂದಳು ಚಿಕ್ಕತಾಯಮ್ಮ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅಜ್ಜಿ ತಿರುಗಿ ಒಂದು ಮಾತು ಆಡಿರುತ್ತಿದ್ದಳು. ಈಗ ಅಜ್ಜಿ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು.

ಬಿಳಿ ಪ್ಲೇಟುಗಳು ಬಂದವು, ಎಲ್ಲರಿಗೂ ಒಂದೇ ಥರದವು. ಬಿರಿಯಾನಿ ಬಂತು. ಅಜ್ಜಿಗೆ ಕೂತಿರಲಾಗಲಿಲ್ಲ, ಬಡಿಸಲು ಎದ್ದು ಹುಡುಗನ ಕೈಯಲ್ಲಿದ್ದ ಚಮಚಕ್ಕೇ ಕೈಹಾಕಿದಳು.

"ಕೂತ್ಕಳಿ ಅವ್ವಾ," ಎಂದಳು ಚಿಕ್ಕತಾಯಮ್ಮ. "ನಾವು ಅದಕ್ಕೇ ಇಲ್ಲಿಗೆ ಬಂದಿದ್ದು. ಇಷ್ಟು ವರ್ಷ ಬಡಿಸಿದ್ರಿ. ನೀವು ಉಣ್ಣೋದ ನಾವು ಒಂದಿನಾನೂ ನೋಡಿಲ್ಲ."

ಅಜ್ಜಿ ಕೂತಳು. ಒಂದು ತುತ್ತು ಬಾಯಿಗಿಟ್ಟು ತುಂಬ ಹೊತ್ತು ಅಗಿದಳು. ಕೊನೆಗೆ ಗುಂಪಿನ ಎಲ್ಲರಿಗಿಂತ ಚಿಕ್ಕವಳು, ತಮಿಳಿನ ಸೆಲ್ವಿ, "ಅವ್ವಾ, ಇದ್ರಲ್ಲಿ ಉಪ್ಪಿಲ್ಲ, ಕಾರ ಇಲ್ಲ, ಏಸಿ ಮಾತ್ರ ಇದೆ," ಎಂದಳು. ಮೊದಲು ನಕ್ಕವಳು ಅಜ್ಜಿ.

ಇನ್ನು ನನ್ನ ವಾದ. ಆ ಹೋಟೆಲ್ ನಮ್ಮೂರಿಗೆ ಸಮಾನತೆ ಕಲಿಸಲು ಬಂದದ್ದಲ್ಲ, ಬಿರಿಯಾನಿ ಮಾರಲು ಬಂದದ್ದು. ಕಾಸಿಲ್ಲದವರಿಗೆ ಅದರ ಬಾಗಿಲೂ ತೆರೆಯುವುದಿಲ್ಲ. ಅದು ಬಂದ ಮೇಲೆ ಬಸ್‌ಸ್ಟ್ಯಾಂಡಿನ ಎರಡು ಮೆಸ್ಸು ಮುಚ್ಚಿದವು. ಆ ಸಿಟ್ಟು ನನಗೆ ಈಗಲೂ ಇದೆ. ಅಲ್ಲಿ ತಿಂದಾಗಲೆಲ್ಲ ಎರಡನೇ ತುತ್ತಿಗೇ ಬೇಸರ ಬರುತ್ತದೆ. ಆದರೂ ನಮ್ಮ ಕೈಯಡುಗೆ, ನಮ್ಮ ಸಂಸ್ಕೃತಿ ಎಂದು ಯಾರಾದರೂ ಭಾಷಣ ಶುರುಮಾಡಿದರೆ ನಾನು ಎದುರು ಪಕ್ಷಕ್ಕೆ ಹೋಗಿ ಕೂರುತ್ತೇನೆ. ನಮ್ಮ ಅಷ್ಟು ರುಚಿಯ ಸಾರು ಅಷ್ಟು ವರ್ಷ ಮಾಡದಿದ್ದುದನ್ನು ಆ ಸಪ್ಪೆ ಬಿರಿಯಾನಿ ಒಂದು ಮಧ್ಯಾಹ್ನದಲ್ಲಿ ಮಾಡಿತ್ತು.

ಮರುವರ್ಷ ಹೆಂಗಸರು ಮನೆಯ ಊಟವನ್ನೇ ಕೇಳಿದರು. ಅಜ್ಜಿ ನನ್ನನ್ನು ಕರೆದು, "ತಟ್ಟೆ ತರ್ಬೇಡಿ ಅಂತ ಹೇಳ್ಬಾ," ಎಂದಳು. ಬಂದವರಿಗೆ, "ನನ್ ಸೊಂಟ ಬಗ್ಗಲ್ಲ, ಮೇಲೇ ಬನ್ನಿ," ಎಂದು ಜಗುಲಿ ತೋರಿಸಿದಳು. ಅದೇ ಸೊಂಟ ಬೆಳಗ್ಗೆ ಅಂಗಳದ ತುಂಬ ಕೋಳಿ ಅಟ್ಟಿಸಿಕೊಂಡು ಹೋದದ್ದನ್ನು ನಾನು ನೋಡಿದ್ದೆ. ಆಗ ಮಾತ್ರ ವಾದ ಮಾಡಲಿಲ್ಲ.

ಈಗ ನಮ್ಮ ಗದ್ದೆಗೆ ಯಂತ್ರ ಬಂದಿದೆ. ಗುಂಪು ಚದುರಿದೆ, ನಾಟಿಯ ಪದ, ಬದುವಿನ ಏಡಿ, ಕೆಸರು ಮೆತ್ತಿದ ಕೈಗಳ ಆ ನಗು, ಯಾವುದೂ ಇಲ್ಲ. ಕಳೆದುಕೊಂಡದ್ದು ಬಹಳ, ಇಲ್ಲ ಎನ್ನುವುದಿಲ್ಲ. ಕಳೆದುಹೋದವುಗಳಲ್ಲಿ ಆ ಪ್ಲಾಸ್ಟಿಕ್ ಚೀಲಗಳೂ ಸೇರಿವೆ. ಅದಕ್ಕೆ ನಾನು ಅಳಲಾರೆ.

ಹೋದ ವಾರ ಚಿಕ್ಕತಾಯಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದಳು. ಜಗುಲಿಯಲ್ಲಿ ಕೂತು ಕಾಫಿ ಕುಡಿದು, "ಊಟ ನಮ್ಮನೇಲೇ, ಎಲ್ಲಾರೂ ಬರ್ಬೇಕು," ಎಂದಳು. ಕಾಲೋನಿಯ ಮನೆಯೊಂದರಲ್ಲಿ ಅಜ್ಜಿ ಈವರೆಗೆ ನೀರನ್ನೂ ಕುಡಿದವಳಲ್ಲ. ಅಪ್ಪ ನನ್ನ ಮುಖ ನೋಡಿದ, ನಾನು ಅಜ್ಜಿಯ ಮುಖ ನೋಡಿದೆ.

ಅಜ್ಜಿ ಲೋಟ ಕೆಳಗಿಟ್ಟು ಕೇಳಿದಳು: "ತಟ್ಟೆ ತರ್ಬೇಕೇನೆ, ತಾಯಿ?"

"ಬರೀ ಕೈಲಿ ಬನ್ನಿ ಅವ್ವಾ," ಎಂದಳು ಚಿಕ್ಕತಾಯಮ್ಮ.