ಸೋಮಾರಿಯ ಅಣ್ಣ

ಇಪ್ಪತ್ತೆಂಟು ವರ್ಷ ಕತ್ತರಿ ಆಡಿಸಿದ ಮಾಸ್ತರ ಕೈ ಒಂದು ಬೆಳಿಗ್ಗೆ ಕತ್ತರಿಯನ್ನು ಬಿಡಲೊಲ್ಲೆ ಎಂದಿತು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವರು ಕಟಿಂಗ್ ಮಾಸ್ತರು. ಅಂಗಿಯ ತೋಳು ಕತ್ತರಿಸಿ ಮುಗಿಸಿ ಕತ್ತರಿ ಕೆಳಗಿಡಹೋದರೆ ಬೆರಳು ಬಿಚ್ಚಲಿಲ್ಲ. ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡರು. ಕಾಜಾ ಹಾಕುವ ಹೆಂಗಸು ನೋಡಿ, ಮಾಸ್ತರು ಕತ್ತರೀನ ಮನೆಗೇ ಹೊತ್ಕೊಂಡು ಹೋಗೋ ಹಾಗಿದೆ ಎಂದು ನಕ್ಕಳು. ಮಾಸ್ತರೂ ನಕ್ಕರು. ಚಳಿಗೆ ಕೈ ಮರಗಟ್ಟಿದೆ ಎಂದುಕೊಂಡು ಎರಡು ವರ್ಷ ತಳ್ಳಿದರು.

ಕೊನೆಗೆ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಮುಷ್ಟಿ ಕಟ್ಟಿಸಿದರು, ಬಿಚ್ಚಿಸಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಮನೆಯವರ ಬಗ್ಗೆ ವಿಚಾರಿಸಿದಾಗ, ಅಮ್ಮನಿಗೆ ನಲವತ್ತು ತುಂಬುವಷ್ಟರಲ್ಲೇ ಕಣ್ಣಿಗೆ ಪೊರೆ ಬಂದದ್ದನ್ನು ಮಾಸ್ತರು ಹೇಳಿದರು. ಒಡಹುಟ್ಟಿದವರು ಇದ್ದಾರೆಯೇ ಎಂದದ್ದಕ್ಕೆ, ಒಬ್ಬ ತಮ್ಮ ಇದ್ದಾನೆ, ಮಾತುಕತೆ ಇಲ್ಲ ಎಂದಷ್ಟೇ ಹೇಳಿದರು.

ವರದಿ ಬರಲು ತಿಂಗಳು ಹಿಡಿಯಿತು.

"ಹೊಲಿಗೆ ಮಷಿನ್ ನಿಂತಲ್ಲೇ ನಿಂತು ಹೊಲಿದ್ರೆ ಏನಾಗುತ್ತೆ?" ಎಂದು ಡಾಕ್ಟರಮ್ಮ ಕೇಳಿದರು.

"ದಾರ ಗಂಟು ಬೀಳುತ್ತೆ."

"ನಿಮ್ಮ ಒಂದು ಜೀನ್‌ನಲ್ಲೂ ಹಾಗೇ ಆಗಿದೆ. ಜೀನ್ ಅಂದ್ರೆ ಅಕ್ಷರಗಳ ಸಾಲು. ಅದರಲ್ಲಿ ಮೂರೇ ಅಕ್ಷರ ಮತ್ತೆ ಮತ್ತೆ ನೂರಾರು ಸಲ ಬಿದ್ದಿದೆ."

ಅದು ತಾಯಿಯಿಂದ ಬಂದಿರಬೇಕು ಎಂದರು. ಸ್ನಾಯು ಸೋಲುತ್ತದೆ, ಹಿಡಿದ ಕೈ ಬೇಗ ಸಡಿಲವಾಗುವುದಿಲ್ಲ, ಎದೆಬಡಿತ ತಾಳ ತಪ್ಪಬಹುದು. ಕೆಲವರಿಗೆ ಹಾಡಹಗಲೇ ತಡೆಯಲಾರದ ನಿದ್ದೆ. ಗೊತ್ತಿಲ್ಲದವರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ ಎಂದೂ ಸೇರಿಸಿದರು.

ಆ ಮಾತು ಕಿವಿಗೆ ಬಿದ್ದದ್ದೇ ಮಾಸ್ತರಿಗೆ ತಮ್ಮನ ನೆನಪಾಯಿತು. ಹದಿನೆಂಟು ವರ್ಷದ ಹಿಂದೆ ತಮ್ಮನನ್ನು ಅದೇ ಕಾರ್ಖಾನೆಗೆ ಸೇರಿಸಿದ್ದವರು ಅವರೇ. ಅವನು ಬಟ್ಟೆಯ ರಾಶಿಯ ಮೇಲೆ ತೂಕಡಿಸುತ್ತಿದ್ದ. ಇಸ್ತ್ರಿ ಪೆಟ್ಟಿಗೆ ಎತ್ತಲು ಎರಡು ಕೈ ಬೇಕಾಗುತ್ತಿತ್ತು. ಸೋಮಾರಿ ಎಂಬ ಹೆಸರನ್ನು ಅಣ್ಣನೇ ಇಟ್ಟ, ಊರೆಲ್ಲ ಕರೆಯಿತು. ಒಂದು ಮಧ್ಯಾಹ್ನ ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ಉಳಿದು ಹೊಗೆ ಎದ್ದಾಗ ಮಾಸ್ತರು ಎಲ್ಲರೆದುರು ತಮ್ಮನ ಕೆನ್ನೆಗೆ ಬಾರಿಸಿದ್ದರು. ತಮ್ಮ ಅಂದೇ ಕೆಲಸ ಬಿಟ್ಟು ಹೊರಟುಹೋದ. ಅಮ್ಮ ತೀರಿಕೊಂಡ ದಿನವೂ ಇಬ್ಬರೂ ಮುಖ ತಿರುಗಿಸಿಕೊಂಡೇ ನಿಂತಿದ್ದರು.

ತಮ್ಮನ ತೂಕಡಿಕೆಯ ವಿಷಯ ಕೇಳಿದ ಡಾಕ್ಟರಮ್ಮ, ಅವನ ಹೃದಯದ ಪರೀಕ್ಷೆ ಬೇಗ ಆಗಬೇಕು, ಮಗಳಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಹೇಳಿ ಕಳಿಸಿದರು.

"ನನ್ನದು ಆಮೇಲೆ ನೋಡೋಣ. ಮೊದಲು ಚಿಕ್ಕಪ್ಪನ ಹತ್ರ ಹೋಗಪ್ಪ," ಎಂದಳು ಮಗಳು.

ನಾಲ್ಕು ಗಂಟೆ ಬಸ್ಸಿನ ದಾರಿ. ತಮ್ಮ ಅಲ್ಲಿ ಒಂದು ಗೋದಾಮಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಲಾರಿ ನಂಬರು ಬರೆದುಕೊಳ್ಳುತ್ತಿದ್ದ. ಕೆನ್ನೆ ಬತ್ತಿ, ರೆಪ್ಪೆ ಜೋತು, ಥೇಟ್ ಅಮ್ಮನ ಮುಖ. ಅಣ್ಣನನ್ನು ಕಂಡು ಕುರ್ಚಿಯ ಕೈ ಹಿಡಿದು ಏಳುವುದಕ್ಕೇ ಬಹಳ ಹೊತ್ತಾಯಿತು.

"ಯಾರು ತೀರ್ಕೊಂಡ್ರು?" ಎಂದು ಕೇಳಿದ.

ಯಾರೂ ಇಲ್ಲ ಎಂದು ಮಾಸ್ತರು ಅವನನ್ನು ಕೂರಿಸಿದರು. ಜೇಬಿನಿಂದ ವರದಿ ತೆಗೆದು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ತಡವರಿಸುತ್ತ ಹೇಳಿದರು.

"ನೀನು ಸೋಮಾರಿ ಆಗಿರ್ಲಿಲ್ಲ ಕಣೋ. ಕಾಯಿಲೆಯವನ ಮೇಲೆ ಕೈ ಮಾಡಿದೆ ನಾನು."

ತಮ್ಮ ಆ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಸವರುತ್ತ ಕೂತ.

"ನಾನೂ ಸೋಮಾರಿ ಅಂತಾನೇ ಅಂದ್ಕೊಂಡಿದ್ದೆ ಅಣ್ಣ," ಎಂದ. "ದಿನಾ ಬೆಳಗ್ಗೆ ಎದ್ದು ನನಗೆ ನಾನೇ ಬೈಕೊಳ್ತಿದ್ದೆ."

ಅಷ್ಟರಲ್ಲಿ ಲಾರಿಯೊಂದು ಬಂತು. ತಮ್ಮ ಅದರ ನಂಬರು ಬರೆದುಕೊಂಡ.

ಪರೀಕ್ಷೆ ಮಾಡಿಸಿದರೆ ಅವನ ಎದೆಬಡಿತ ಆಗಾಗ ನಿಂತು ನಿಂತು ಹೊಡೆಯುತ್ತಿತ್ತು. ಅದೇ ವಾರ ಪೇಸ್‌ಮೇಕರ್ ಹಾಕಿದರು. ಆಸ್ಪತ್ರೆಯಲ್ಲಿ ಆರು ದಿನ ಅಣ್ಣನೇ ಜೊತೆಗಿದ್ದ. ಕ್ಷಮಿಸಿದೆ ಎಂದು ತಮ್ಮ ಬಾಯಿಬಿಟ್ಟು ಹೇಳಲಿಲ್ಲ. ಮಾಸ್ತರೂ ಕೇಳಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಮಾಸ್ತರು ಕತ್ತರಿ ಬಿಟ್ಟು, ಸೀಮೆಸುಣ್ಣದಲ್ಲಿ ಅಳತೆ ಗುರುತು ಹಾಕಿಕೊಡುವ ಕೆಲಸಕ್ಕೆ ಇಳಿದರು. ಮಗಳು ಯೋಚಿಸಿ ಯೋಚಿಸಿ ತಾನೂ ಪರೀಕ್ಷೆ ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದಳು. ಫಲಿತಾಂಶ ತರಲು ಹೋಗುವ ದಿನ ಅಪ್ಪ ಬೇಡ, ಚಿಕ್ಕಪ್ಪ ಬರಲಿ ಎಂದಳು. ಅಪ್ಪನ ಮುಖ ನೋಡಿಕೊಂಡು ಅದನ್ನು ಕೇಳಿಸಿಕೊಳ್ಳುವುದು ತನ್ನಿಂದಾಗದು ಎಂದಳು.

ಮಾಸ್ತರು ಕಾರ್ಖಾನೆಯಲ್ಲೇ ಕಾದರು. ಮಧ್ಯಾಹ್ನ ಎರಡಕ್ಕೆ ತಮ್ಮನ ಫೋನು ಬಂತು.

"ಅವಳಿಗೂ ಇದೆ ಅಣ್ಣ," ಎಂದ ತಮ್ಮ. "ಇಲ್ಲೇ ನನ್ನ ಎದುರಿಗೆ ಕೂತು ಊಟ ಮಾಡ್ತಿದಾಳೆ. ನೀನೂ ಉಂಡ್ಕೋ."